ಕತ್ತರಿಸಿದಷ್ಟೂ ಮಲ್ಲಿಗೆ

ಉಡುಪಿ ಜಿಲ್ಲೆಯ ಶಂಕರಪುರ, ಶಿರ್ವ, ಬಂಟಕಲ್ಲು ಕಡೆ ಮಲ್ಲಿಗೆ ಬೆಳೆಯಲು ಎಕರೆಗಟ್ಟಲೆ ಭೂಮಿ ಬೇಕಿಲ್ಲ. ಅಂಗಳದ ಬದಿಯಲ್ಲೋ ಬಾವಿಕಟ್ಟೆಯ ಆಚೆಗೋ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ತುಂಡು ಜಾಗವಿದ್ದರೆ ಸಾಕು, ಅಲ್ಲಿ ಹತ್ತಿಪ್ಪತ್ತು ಗಿಡ ಎದ್ದಿರುತ್ತವೆ. ಬೆಳಗಾಗುತ್ತಲೇ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮೈಸೂರು ಮತ್ತು ಹಡಗಲಿ ಮಲ್ಲಿಗೆಗಳಂತೆ ಈ ಉಡುಪಿ ಮಲ್ಲಿಗೆಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ.

ಅಟ್ಟೆಯನ್ನು ನೋಡಿದವರು ಕಟ್ಟಿದ ಕೈಯನ್ನು ಹೊಗಳುತ್ತಾರೆ. ಹೊಗಳಬೇಕಾದದ್ದೇ. ಆದರೆ ಆ ಮೊಗ್ಗು ಗಿಡದಲ್ಲಿ ಮೂಡಬೇಕಾದರೆ ಅದಕ್ಕೂ ಮೊದಲು ಇನ್ನೊಂದು ಕೆಲಸ ನಡೆದಿರಬೇಕು. ಅದು ಗೆಲ್ಲು ಸವರುವ ಕೆಲಸ. ಕರಾವಳಿಯಲ್ಲಿ ಕೊಂಬೆಗೆ ಗೆಲ್ಲು ಎನ್ನುತ್ತಾರೆ. ಕೃಷಿ ಪುಸ್ತಕಗಳಲ್ಲಿ ಇದೇ ಕೆಲಸದ ಹೆಸರು ಚಾಟನಿ.

ಮಲ್ಲಿಗೆಯ ಮೊಗ್ಗು ಹಳೆಯ ಗೆಲ್ಲಿನ ಮೇಲೆ ಮೂಡುವುದಿಲ್ಲ, ಹೊಸ ಚಿಗುರಿನ ತುದಿಯಲ್ಲಿ ಮೂಡುತ್ತದೆ. ಸಾಮಾನ್ಯವಾಗಿ ಮೂರರ ಗೊಂಚಲು. ಕತ್ತರಿ ಕಾಣದ ಗಿಡ ಹಚ್ಚಗೆ, ದಟ್ಟವಾಗಿ, ಆಳೆತ್ತರ ಬೆಳೆದು ನಿಂತಿರುತ್ತದೆ. ಹೂವು ಮಾತ್ರ ಕೈಯೆಣಿಕೆಯಷ್ಟು. ಇನ್ನು ಎಲೆಗಳನ್ನು ಗಮನಿಸಿ. ಅವು ಗೆಲ್ಲಿನುದ್ದಕ್ಕೂ ಎದುರುಬದುರಾಗಿ ಜೋಡಿಯಾಗಿ ಕೂತಿರುತ್ತವೆ. ಎಲೆ ಹೊರಟ ಜಾಗವೇ ಗಿಣ್ಣು. ಅಲ್ಲಿ ಒಂದೊಂದು ಎಲೆಯ ಕಂಕುಳಲ್ಲೂ ಒಂದೊಂದು ಕಣ್ಣು ಮಲಗಿರುತ್ತದೆ. ಗೆಲ್ಲಿನ ತುದಿ ಬೆಳೆಯುತ್ತಿರುವಷ್ಟು ಕಾಲ ಕೆಳಗಿನ ಕಣ್ಣುಗಳನ್ನು ಏಳಗೊಡುವುದಿಲ್ಲ. ತುದಿಯಿಂದ ಕೆಳಗಿಳಿಯುವ ಚೋದಕವೊಂದು ಅವನ್ನು ತಡೆದಿಡುತ್ತದೆ. ತುದಿ ಹೋದರೆ ತಡೆಯೂ ಹೋಯಿತು. ಗಿಣ್ಣಿನ ಮೇಲೆ ಒಂದು ಕತ್ತರಿ ಬಿದ್ದರೆ ಒಂದು ಗೆಲ್ಲು ಎರಡಾಗುತ್ತದೆ, ಎರಡನ್ನು ಮತ್ತೆ ಚಿವುಟಿದರೆ ನಾಲ್ಕು. ಚಿಗುರಿನ ತುದಿ ಹೆಚ್ಚಿದಷ್ಟೂ ಮೊಗ್ಗು ಹೆಚ್ಚುತ್ತದೆ. ಈ ಕಸುಬಿನ ಲೆಕ್ಕವೆಲ್ಲ ಇಷ್ಟೇ.

ಲೆಕ್ಕ ಸುಲಭ, ಕೈ ಪಳಗುವುದು ಕಷ್ಟ. ಈ ಜಾತಿಯ ಮಲ್ಲಿಗೆಗೆ ತೋಟಗಾರಿಕೆ ಬಲ್ಲವರು ಸೂಚಿಸುವ ಕಾಲ ಮಳೆ ಪೂರ್ತಿ ಹಿಂದಾದ ಮೇಲೆ, ನವೆಂಬರ್ ಕೊನೆಯ ಹೊತ್ತು. ಅದಕ್ಕೆ ಒಂದೆರಡು ವಾರ ಮೊದಲೇ ನೀರು ಕಡಿಮೆ ಮಾಡಿ ಗಿಡದ ಓಟ ನಿಧಾನವಾಗುವಂತೆ ನೋಡಿಕೊಳ್ಳುತ್ತಾರೆ. ಆಮೇಲೆ ಒಣಗಿದ್ದು, ರೋಗ ತಗಲಿದ್ದು, ಒಂದಕ್ಕೊಂದು ಉಜ್ಜಿಕೊಳ್ಳುವುದು, ನಡುವೆ ಬಿಸಿಲು ಕಾಣದೆ ಸಣಕಲಾದದ್ದು ಎಲ್ಲವನ್ನೂ ಬುಡದಿಂದ ತೆಗೆಯುತ್ತಾರೆ. ಉಳಿದ ಗೆಲ್ಲುಗಳನ್ನು ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರಕ್ಕೆ ಇಳಿಸುತ್ತಾರೆ. ಹೊರಮುಖವಾದ ಕಣ್ಣನ್ನು ಹುಡುಕಿ, ಅದರ ತುಸು ಮೇಲೆ ಕತ್ತರಿ ಇಡಬೇಕು. ಆಗ ಹೊಸ ಚಿಗುರು ಹೊರಗೆ ಹರಡಿ ಗಿಡದ ನಡು ಗಾಳಿಯಾಡುವಂತೆ ಬಿಚ್ಚಿಕೊಳ್ಳುತ್ತದೆ. ಕತ್ತರಿ ಮೊಂಡಾಗಿದ್ದರೆ ಗೆಲ್ಲು ಜಜ್ಜಿಹೋಗಿ ಆ ಗಾಯದಿಂದಲೇ ಕೊಳೆ ಒಳಗಿಳಿಯುತ್ತದೆ. ದಪ್ಪ ಗೆಲ್ಲಿನ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚುವುದು ಒಳ್ಳೆಯದು. 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಅಡಿಕೆ ಬೆಳೆಯುವ ಮನೆಗಳಲ್ಲಿ ಮೈಲುತುತ್ತು ಹೇಗೂ ಇರುತ್ತದೆ.

ಸವರಿದ ದಿನ ಗಿಡ ನೋಡಿದರೆ ಅಯ್ಯೋ ಅನಿಸುತ್ತದೆ, ಬರೀ ಕಡ್ಡಿಗಳು. ಬುಡ ಬಿಡಿಸಿ, ಹಟ್ಟಿಗೊಬ್ಬರ, ಸುಡುಮಣ್ಣು, ನೆಲಗಡಲೆ ಹಿಂಡಿ ಕೊಟ್ಟು ನೀರು ಹಾಯಿಸಿದ ಮೇಲೆ ಗಿಣ್ಣುಗಳು ಉಬ್ಬಿ ಜೋಡಿ ಚಿಗುರು ಒಡೆಯುತ್ತವೆ. ಅವುಗಳ ನಡುವೆ ಬಳ್ಳಿಯಂತೆ ಉದ್ದಕ್ಕೆ ಓಡುವ ಚಿಗುರು ಕಂಡರೆ ಉಗುರಿನಲ್ಲೇ ಚಿವುಟುತ್ತಾರೆ.

ಕೆಳಗೆ ಬಿದ್ದ ಗೆಲ್ಲುಗಳಲ್ಲಿ ಒಳ್ಳೆಯವನ್ನು ಗುಡಿಸಿ ಎಸೆಯುವುದಿಲ್ಲ, ಹೊಸ ಗಿಡ ಮಾಡಲು ಎತ್ತಿಡುತ್ತಾರೆ. ಈ ಮಲ್ಲಿಗೆ ಬೀಜ ಕಟ್ಟುವುದು ತೀರಾ ಅಪರೂಪ. ಹಾಗಾಗಿ ಇಲ್ಲಿನ ಅಂಗಳಗಳಲ್ಲಿರುವ ಒಂದೊಂದು ಗಿಡವೂ ಹಿಂದಿನ ಯಾವುದೋ ಗಿಡದ ತುಂಡು. ಗುಣ, ಪರಿಮಳ, ಮೊಗ್ಗಿನ ಗಾತ್ರ ಎಲ್ಲವೂ ಅದರದೇ.

ತುಂಡು ಆರಿಸುವುದಕ್ಕೆ ಕಣ್ಣು ಬೇಕು. ಹಸಿರು ಎಳೆಯದು ಕೊಳೆಯುತ್ತದೆ, ಬಲಿತು ಬೂದಾದದ್ದು ಬೇರು ಬಿಡಲು ಸತಾಯಿಸುತ್ತದೆ. ಎರಡರ ನಡುವಿನ, ಪೆನ್ಸಿಲ್ ದಪ್ಪದ ಅರೆಬಲಿತ ಗೆಲ್ಲು ಸರಿ. ಮೂರು ನಾಲ್ಕು ಗಿಣ್ಣು ಬರುವಂತೆ 15ರಿಂದ 20 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಬೇಕು. ಕೆಳತುದಿಯನ್ನು ಗಿಣ್ಣಿನ ಕೆಳಗೇ ಓರೆಯಾಗಿ, ಮೇಲ್ತುದಿಯನ್ನು ಗಿಣ್ಣಿನ ಮೇಲೆ ನೇರವಾಗಿ. ತಲೆಕೆಳಗಾಗಿ ನೆಡದಂತೆ ಇದೇ ಗುರುತು. ಕೆಳಗಿನ ಎಲೆಗಳನ್ನು ಕಿತ್ತು, ಮೇಲಿನ ಜೋಡಿಯನ್ನು ಅರ್ಧಕ್ಕೆ ಕತ್ತರಿಸುತ್ತಾರೆ. ಬೇರಿಲ್ಲದ ತುಂಡು ಎಲೆಯಿಂದ ಹೆಚ್ಚು ನೀರು ಕಳೆದುಕೊಳ್ಳಬಾರದು. ಮರಳು, ಕೆಂಪುಮಣ್ಣು, ಹಳೆಯ ಗೊಬ್ಬರ ಸಮಸಮ ಬೆರೆಸಿ ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ (ಚೀಲದಲ್ಲಿ) ಎರಡು ಗಿಣ್ಣು ಮುಳುಗುವಂತೆ ಊರಿ, ನೆರಳಲ್ಲಿಡಬೇಕು.

ಹೊಸಬರು ಮೋಸಹೋಗುವುದು ಇಲ್ಲೇ. ತುಂಡಿನಲ್ಲಿ ಉಳಿದಿದ್ದ ಸತ್ವದಿಂದಲೇ ಬೇರಿಗಿಂತ ಮೊದಲು ಚಿಗುರು ಬರುವುದುಂಟು. ಚಿಗುರಿತಲ್ಲ ಎಂದು ಎಳೆದು ನೋಡಿದರೆ ಆಗಷ್ಟೇ ಮೂಡುತ್ತಿರುವ ಬೇರು ಹರಿಯುತ್ತದೆ. ಮೂರು ತಿಂಗಳಾದರೂ ತೊಟ್ಟೆಯನ್ನು ಅಲುಗಿಸದೆ ಬಿಡುವ ತಾಳ್ಮೆ ಇದ್ದವರಿಗೆ ಗಿಡ ಸಿಗುತ್ತದೆ.

ಅಷ್ಟೂ ಧೈರ್ಯವಿಲ್ಲದವರಿಗೆ ಹೆಚ್ಚು ಭರವಸೆಯ ದಾರಿಯೊಂದಿದೆ. ಮಳೆಗಾಲದಲ್ಲಿ ತಾಯಿಗಿಡದ ತಗ್ಗಿನ ಗೆಲ್ಲೊಂದನ್ನು ಬಾಗಿಸಿ, ಗಿಣ್ಣಿನ ಕೆಳಗೆ ತೊಗಟೆಯನ್ನು ಸ್ವಲ್ಪ ಸೀಳಿ, ಆ ಭಾಗವನ್ನು ಮಣ್ಣಲ್ಲಿ ಹುಗಿದು ಮೇಲೊಂದು ಕಲ್ಲು ಹೇರುವುದು. ಬೇರು ಬರುವ ತನಕ ತಾಯಿಗಿಡವೇ ಊಟ ಕೊಡುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಬೇರು ಹಿಡಿದ ಮೇಲೆ ತಾಯಿಯ ಕಡೆ ಕತ್ತರಿಸಿ ಎತ್ತಿ ನೆಡಬಹುದು. ಒಂದು ಸಲಕ್ಕೆ ಸಿಗುವ ಗಿಡ ಕಡಿಮೆ, ನಷ್ಟವೂ ಕಡಿಮೆ.

ನಿಮಗೂ ಒಂದು ಗಿಡ ಬೇಕಿದ್ದರೆ ಮಳೆಗಾಲ ಶುರುವಾದ ಮೇಲೆ ಮಲ್ಲಿಗೆ ಇರುವ ಮನೆಯಲ್ಲಿ ಕೇಳಿ. ಕಡ್ಡಿ ಬೇರು ಬಿಡಲು ಅದೇ ಒಳ್ಳೆಯ ಕಾಲ. ಹೋಗುವಾಗ ಒದ್ದೆ ಬಟ್ಟೆಯೊಂದನ್ನು ಒಯ್ಯಿರಿ, ತಂದ ದಿನವೇ ನೆಡಿ, ಒಂದರ ಬದಲು ಐದಾರು ಕಡ್ಡಿ ಊರಿ.