ಘಟ್ಟ ಹತ್ತುವ ಡೀಸೆಲ್ ಎಂಜಿನ್

ಕಳೆದ ಸುಗ್ಗಿಯಲ್ಲಿ ನಮ್ಮ ಸಂಘದ ಪಿಕಪ್ ವಾಹನವು ಇಪ್ಪತ್ತೆಂಟು ಚೀಲ ಚೆರಿ ಹೇರಿಕೊಂಡು ಕ್ಯೂರಿಂಗ್ ವರ್ಕ್ಸ್‌ಗೆ ಹೊರಟದ್ದು, ಊರಾಚೆಯ ಏರಿನಲ್ಲೇ ಸುಸ್ತಾಗಿ ನಿಂತ ಸಂಗತಿ ಬಹುಮಂದಿ ಸದಸ್ಯರಿಗೆ ತಿಳಿದೇ ಇದೆ. ಎಂಜಿನ್ ಕೆಟ್ಟಿರಲಿಲ್ಲ. ಹೊಗೆ ಸೋಸುವ ಫಿಲ್ಟರ್ ಮಸಿ ತುಂಬಿ ಕಟ್ಟಿಕೊಂಡಿತ್ತು. ಎದುರಿನ ಫಲಕದ ಹಳದಿ ದೀಪ ಎರಡು ವಾರದಿಂದ ಉರಿಯುತ್ತಲೇ ಇತ್ತು. ಕಣ್ಣಿಗೆ ಕುಕ್ಕುತ್ತದೆಂದು ಚಾಲಕ ಅದರ ಮೇಲೆ ಕಪ್ಪು ಟೇಪು ಅಂಟಿಸಿದ್ದ. ಅವನನ್ನು ದೂರಿ ಪ್ರಯೋಜನವಿಲ್ಲ. ಆ ದೀಪದ ಅರ್ಥವನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾದ ನಮಗೂ ತಿಳಿದಿರಲಿಲ್ಲ. ಒಂಬತ್ತು ದಿನ ಬಾಡಿಗೆ ಲಾರಿಯಲ್ಲಿ ಮಾಲು ಸಾಗಿಸಿದ ಮೇಲೆ ತಿಳಿದುಕೊಂಡೆವು. ಹಾಗೆ ತಿಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಸಿಲಿಂಡರಿನೊಳಗೆ ಸುಮಾರು ಹತ್ತು ಪಟ್ಟು ಅದುಮಿ, ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತಾರೆ. ಡೀಸೆಲ್ಲಿನಲ್ಲಿ ಅದುಮುವುದು ಬರಿಯ ಗಾಳಿಯನ್ನು. ಅದೂ ಹದಿನಾರು, ಹದಿನೆಂಟು ಪಟ್ಟು. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಇಲ್ಲಿ ಆ ಬಿಸಿ ಐನೂರು ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆ ಗಾಳಿಗೆ ಡೀಸೆಲ್ಲನ್ನು ಸಿಂಪಡಿಸಿದೊಡನೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ಮರ್ಮ ಇಷ್ಟೇ. ಹೆಚ್ಚು ಅದುಮಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಮೇಲಾಗಿ ಒಂದು ಲೀಟರ್ ಡೀಸೆಲ್ಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ನೂರಕ್ಕೆ ಹತ್ತು ಪಾಲಿನಷ್ಟು ಹೆಚ್ಚು ಶಕ್ತಿಯೂ ಇದೆ.

ಹೊರೆಯ ಬಂಡಿಗೆ ಡೀಸೆಲ್ ಏಕೆ ಒಗ್ಗುತ್ತದೆಂಬುದು ಅಂಕಿ ನೋಡಿದರೆ ಸ್ಪಷ್ಟ. ಟೊಯೊಟ ಫಾರ್ಚೂನರಿನ 2021ರ ಮಾದರಿಯಲ್ಲಿ 2.7 ಲೀಟರಿನ ಪೆಟ್ರೋಲ್ ಎಂಜಿನ್ 166 ಅಶ್ವಶಕ್ತಿ, 245 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತಿತ್ತು. 2.8 ಲೀಟರಿನ ಡೀಸೆಲ್ ಎಂಜಿನ್ 204 ಅಶ್ವಶಕ್ತಿ ಕೊಡುತ್ತಿತ್ತು; ಅದರ ತಿರುಚುಬಲ ಮಾತ್ರ ಕೈಗೇರಿನ ಗಾಡಿಯಲ್ಲಿ 420, ಸ್ವಯಂಚಾಲಿತ ಗೇರಿನದರಲ್ಲಿ 500. ತಿರುಚುಬಲವೆಂದರೆ ಚಕ್ರವನ್ನು ತಿರುಗಿಸುವ ಒತ್ತು. ಅಶ್ವಶಕ್ತಿಯೆಂದರೆ ಆ ಒತ್ತನ್ನು ಎಷ್ಟು ವೇಗದಲ್ಲಿ ಕೊಡಬಲ್ಲದೆಂಬ ಲೆಕ್ಕ. ಹೊರೆ ಹೇರಿ ಏರು ಹತ್ತುವಾಗ ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೂ ಒತ್ತು ಬೇಕು, ಡೀಸೆಲ್ ಅಲ್ಲಿಯೇ ಗಟ್ಟಿ.

ಆದರೆ ಇದರಲ್ಲಿ ಅರ್ಧ ಪಾಲು ಟರ್ಬೊ ಎಂಬ ಗಾಳಿಯಂತ್ರದ್ದು. ಹೊರಹೋಗುವ ಹೊಗೆಯಿಂದಲೇ ತಿರುಗಿ ಅದು ಒಳಕ್ಕೆ ಹೆಚ್ಚು ಗಾಳಿ ತುರುಕುತ್ತದೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಸುಮಾರು ನೂರಕ್ಕೆ ಹತ್ತರಷ್ಟು ತೆಳುವಾಗಿರುವುದರಿಂದ ನಮ್ಮ ಮಲೆನಾಡಿನ ತೋಟಗಳಲ್ಲಿ ಇದರ ಉಪಕಾರ ದೊಡ್ಡದು. ಪೆಟ್ರೋಲಿಗೂ ಟರ್ಬೊ ಕೂರಿಸಿದರೆ ಅಂತರ ಅಳಿಯುತ್ತದೆ. 2020ರಲ್ಲಿ ಬಂದ ಮಹೀಂದ್ರ ಥಾರ್‌ನ ಕೈಗೇರಿನ ಗಾಡಿಯಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ತಿರುಚುಬಲ ಒಂದೇ, 300. ಅಶ್ವಶಕ್ತಿ ಪೆಟ್ರೋಲಿನದೇ ಹೆಚ್ಚು. ಆದರೂ ಹೊರೆ ಎಳೆಸಿದರೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ.

ಇಷ್ಟು ಅದುಮುವಿಕೆಯನ್ನು ತಾಳಲು ಎಂಜಿನ್ನಿನ ಮೈ ಗಟ್ಟಿಯಿರಬೇಕು. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ 1978ರಲ್ಲಿ 5.7 ಲೀಟರಿನ ಡೀಸೆಲ್ ಎಂಜಿನ್ ತಂದಾಗ ಮೈಯನ್ನೇನೋ ದಪ್ಪ ಮಾಡಿತು, ಹೆಡ್ ಬಿಗಿಯುವ ಬೋಲ್ಟುಗಳನ್ನು ಮಾತ್ರ ಪೆಟ್ರೋಲ್ ಎಂಜಿನ್ನಿನಲ್ಲಿದ್ದಷ್ಟೇ ಇಟ್ಟಿತು. ಬೋಲ್ಟುಗಳು ಸೋತು ಗ್ಯಾಸ್ಕೆಟ್ ಹೋಗತೊಡಗಿದವು. ಡೀಸೆಲ್ಲಿನ ನೀರು ಬೇರ್ಪಡಿಸುವ ಏರ್ಪಾಡೂ ಇರಲಿಲ್ಲವಾಗಿ ಪಂಪುಗಳು ತುಕ್ಕು ತಿಂದವು. 1985ಕ್ಕೆ ಅದು ನಿಂತಿತು. ಆ ದೇಶದವರಿಗೆ ಡೀಸೆಲ್ ಕಾರೆಂದರೆ ಬಹುಕಾಲ ಅಪನಂಬಿಕೆ ಉಳಿಯಿತು.

ಘಟ್ಟ ಇಳಿಯುವಾಗಿನ ಮಾತನ್ನೂ ಹೇಳಬೇಕು. ಇಂಧನ ಉಳಿಯುತ್ತದೆಂದು ಚಾರ್ಮಾಡಿ, ಶಿರಾಡಿಗಳಲ್ಲಿ ನ್ಯೂಟ್ರಲ್ ಮಾಡಿ ಇಳಿಸುವವರು ಇನ್ನೂ ಇದ್ದಾರೆ. ಇಂದಿನ ಎಂಜಿನ್ನುಗಳಲ್ಲಿ ಗೇರು ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಆರದಿರಲು ಇಂಧನ ಬೇಕೇ ಬೇಕು. ಅಂದರೆ ಉಳಿತಾಯ ಸುಳ್ಳು. ಅಪಾಯ ಮಾತ್ರ ನಿಜ, ಏಕೆಂದರೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕು ಕಾದಷ್ಟೂ ಹಿಡಿತ ಕಳೆದುಕೊಳ್ಳುತ್ತದೆ. ಗಾಳಿಯನ್ನು ತಡೆಯುವ ಬಾಗಿಲು ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಡೀಸೆಲ್ಲಿನಲ್ಲಿ ಇಲ್ಲದ್ದರಿಂದ, ಎಂಜಿನ್ನಿನ ತಡೆ ನಾವೆಣಿಸಿದಷ್ಟು ಇರುವುದಿಲ್ಲ. ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್ ಕೂರಿಸುವುದು ಅದಕ್ಕೇ. ಅದಿಲ್ಲದ ಪಿಕಪ್ಪುಗಳು ಹತ್ತುವ ಗೇರಿನಲ್ಲೇ ಇಳಿಯಬೇಕು.

ಇನ್ನು ಆ ಹಳದಿ ದೀಪದ ವಿಷಯ. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ನಿಯಮಕ್ಕೆ ತಕ್ಕ ಡೀಸೆಲ್ ವಾಹನಗಳ ಹೊಗೆನಳಿಕೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಡಿ.ಪಿ.ಎಫ್. ಎಂದು ಅದರ ಹೆಸರು. ಮಸಿ ತುಂಬಿದಂತೆ ವಾಹನವೇ ಹೆಚ್ಚು ಇಂಧನ ಬಿಟ್ಟು ಅದನ್ನು ಸುಮಾರು ಆರುನೂರು ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಅದಕ್ಕೆ ಎಂಜಿನ್ ಬಿಸಿಯಾಗಿ ಒಂದೇ ಸಮನೆ ಓಡಬೇಕು. ನಮ್ಮ ಓಡಾಟವೋ ಮನೆಯಿಂದ ಕಣಕ್ಕೆ, ಕಣದಿಂದ ಲೈನಿಗೆ, ಅಲ್ಲಿಂದ ಹಾಲಿನ ಡೈರಿಗೆ. ಸುಡಲು ಆರಂಭಿಸುವಷ್ಟರಲ್ಲಿ ಕೀಲಿ ತಿರುಗಿಸಿ ಆರಿಸುತ್ತೇವೆ. ಅರ್ಧಕ್ಕೆ ನಿಂತ ಆ ಇಂಧನದಲ್ಲಿ ಒಂದಿಷ್ಟು ಎಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಕಡ್ಡಿ ಅದ್ದಿ ನೋಡಿದಾಗ ಆಯಿಲ್ ಏರಿರುವುದು ಕಂಡರೆ ಸಂತೋಷಪಡಬೇಡಿ, ಅದು ಡೀಸೆಲ್ ಸೇರಿ ತೆಳುವಾದ ಆಯಿಲ್.

ದೀಪ ಉರಿದ ದಿನವೇ ವಾಹನವನ್ನು ಡಾಂಬರು ರಸ್ತೆಗೆ ಒಯ್ದು, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷ ಐವತ್ತು ಅರವತ್ತು ಕಿಲೋಮೀಟರ್ ವೇಗದಲ್ಲಿ ಎಡೆಬಿಡದೆ ಓಡಿಸಿದರೆ ಸಾಕು. ನಿಮ್ಮ ವಾಹನದ ಕೈಪಿಡಿ ಬೇರೆ ಹೇಳಿದರೆ ಹಾಗೆಯೇ ಮಾಡಿ. ಹಾಗೆ ಸುಡುತ್ತಿರುವ ಹೊತ್ತಿನಲ್ಲಿ ತರಗೆಲೆಯ ಮೇಲಾಗಲಿ ಒಣಗಿದ ಅಡಿಕೆ ಸೋಗೆಯ ಮೇಲಾಗಲಿ ನಿಲ್ಲಿಸಬಾರದು. ಫೆಬ್ರವರಿ, ಮಾರ್ಚಿನಲ್ಲಿ ತೋಟಕ್ಕೆ ಬೆಂಕಿ ಬೀಳಲು ಅಷ್ಟು ಬಿಸಿ ಧಾರಾಳ.

ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕು ಇರುವ ವಾಹನಗಳಿಗೆ ಡಿ.ಇ.ಎಫ್. ಎಂಬ ದ್ರವ ಬೇಕು. ಅದು ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ಯೂರಿಯಾ ಎಂದ ಕೂಡಲೇ ಗೊಬ್ಬರದ ಕೊಠಡಿಯ ಚೀಲ ನೆನಪಾಗುತ್ತದೆ. ನಮ್ಮ ಒಬ್ಬ ಸದಸ್ಯರು ಬಕೆಟ್ಟಿನಲ್ಲಿ ಕದಡಿ ಹೊಯ್ಯುವುದರಲ್ಲಿದ್ದರು. ದಯವಿಟ್ಟು ಬೇಡ. 2015ರಿಂದ ನಮ್ಮ ದೇಶದ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪನ ಕಡ್ಡಾಯ. ಆ ಎಣ್ಣೆ ಮತ್ತು ಇತರ ಕಲ್ಮಶಗಳು ಹೊಗೆ ಶುದ್ಧೀಕರಿಸುವ ಭಾಗವನ್ನೇ ಹಾಳುಮಾಡುತ್ತವೆ.

ಡ್ರಮ್ಮಿನಲ್ಲಿ ಡೀಸೆಲ್ ಕೂಡಿಡುವವರಿಗೆ ಒಂದು ಮಾತು. ಅರ್ಧ ಖಾಲಿಯಾದ ಡ್ರಮ್ಮಿನ ಗೋಡೆಗೆ ಮಳೆಗಾಲದಲ್ಲಿ ತೇವ ಕಟ್ಟಿ ನೀರು ತಳಕ್ಕಿಳಿಯುತ್ತದೆ. ಹಳೆಯ ಜೀಪು ಕೆಮ್ಮುತ್ತಲಾದರೂ ಸಾಗುತ್ತಿತ್ತು. ಇಂದಿನ ಪಂಪುಗಳು ಸಾವಿರಾರು ಕಿಲೋ ಒತ್ತಡದಲ್ಲಿ ಕೂದಲೆಳೆಯ ತೂತಿನಿಂದ ಇಂಧನ ಸಿಂಪಡಿಸುವಂಥವು, ಅವಕ್ಕೆ ನೀರೂ ಆಗದು, ಸೀಮೆಎಣ್ಣೆಯ ಬೆರಕೆಯೂ ಆಗದು.

ಹಾಗಾದರೆ ಕೊಳ್ಳುವುದೇನು? ತಿಂಗಳಿಗೆ ಹಲವು ಸಲ ಹೊರೆಯೊಡನೆ ಘಟ್ಟ ಹತ್ತಿಳಿಯುವವರಿಗೆ ಡೀಸೆಲ್ಲೇ ಸರಿ. ಎರಡು ಮೂರು ಎಕರೆಯವರು, ಪೇಟೆಗೆ ಹೋಗಿ ಬರುವುದಕ್ಕಷ್ಟೇ ವಾಹನ ಬೇಕಾದವರು, ನೆರೆಯವರು ಕೊಂಡರೆಂದು ದೊಡ್ಡ ಡೀಸೆಲ್ ಗಾಡಿಗೆ ಕೈ ಹಾಕುವುದು ನಮಗೆ ಒಪ್ಪಿಗೆಯಿಲ್ಲ. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಹಿಡಿತ ಬಿಟ್ಟಾಗಿನಿಂದ ಹಿಂದಿನ ಅಗ್ಗವೂ ಉಳಿದಿಲ್ಲ.

ಸಂಘದ ಪಿಕಪ್ಪಿನ ಎಚ್ಚರಿಕೆ ದೀಪಗಳ ಚಿತ್ರವನ್ನು ಕನ್ನಡ ವಿವರಣೆಯೊಡನೆ ಕಚೇರಿಯ ಗೋಡೆಗೆ ಹಾಕಿದ್ದೇವೆ. ವಾಹನಕ್ಕೆ ಚಾಲಕರನ್ನು ಇಟ್ಟುಕೊಂಡಿರುವ ಸದಸ್ಯರು ಅವರನ್ನೂ ಕರೆತಂದು ತೋರಿಸಬಹುದು. ನಮ್ಮ ಗಾಡಿಯ ಟೇಪನ್ನು ಕಿತ್ತಿದ್ದೇವೆ.