ದೆವ್ವದ ಹೆಸರಿನೊಳಗೆ ಬೆಳಕಿತ್ತು!

ಒಂದು ಪೋಸ್ಟ್ ಕಾರ್ಡು. ಅದರಲ್ಲಿ ಏಳೇ ಸಾಲು. ಆ ಏಳು ಸಾಲು ನನ್ನ ಮೂರು ರಾತ್ರಿಗಳ ನಿದ್ದೆಯನ್ನು ಎತ್ತಿಕೊಂಡು ಹೋದವು!

ವಾರಪತ್ರಿಕೆಯೊಂದರಲ್ಲಿ ನನ್ನ ಧಾರಾವಾಹಿ ಬರುತ್ತಿತ್ತು. ಮಲೆನಾಡಿನ ಒಂದು ತೊಟ್ಟಿಮನೆ, ಹಿಂದೆ ಅಡಿಕೆ ತೋಟ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಟ್ಟದ ಮೇಲೆ ಯಾರೋ ಓಡಾಡುವ ಸದ್ದು. ಒಂಬತ್ತನೆಯ ಕಂತು ಅಚ್ಚಾದ ವಾರ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಬರೆದರು: "ತಾಯೀ, ನಿಮ್ಮ ಕಥೆಯ ಅಜ್ಜಿ ಒಂದೇ ಪುಟದಲ್ಲಿ ಅದನ್ನು ದೆವ್ವ ಅನ್ನುತ್ತಾಳೆ, ಭೂತ ಅನ್ನುತ್ತಾಳೆ, ಪ್ರೇತ ಅನ್ನುತ್ತಾಳೆ. ಅಟ್ಟದ ಮೇಲಿರುವುದು ಒಂದೋ, ಮೂರೋ? ಹೆಸರು ಬೇರೆಯಾದ ಮೇಲೆ ಆಸಾಮಿಯೂ ಬೇರೆಯಾಗಬೇಕಲ್ಲವೇ?"

ಉತ್ತರ ಬರೆಯಲೆಂದು ನಿಘಂಟುಗಳನ್ನು ಕೆಳಗಿಳಿಸಿದೆ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ ಅವರ ಕೋಶವೂ ಅದರಲ್ಲಿತ್ತು. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಕಿಟಕಿಯಾಚೆ ಕೋಳಿ ಕೂಗುವ ಹೊತ್ತಿಗೂ ನಾನು ದ-ಕಾರದಲ್ಲೇ ಇದ್ದೆ.

ಯಾಕೆಂದರೆ ದೆವ್ವ ದೈವದ ತದ್ಭವ! ಸಂಸ್ಕೃತದ ದೈವ ಪ್ರಾಕೃತದ ಬಾಯಲ್ಲಿ ದೆವ್ವವಾಯಿತು. ಹಾಗೇ ನಮ್ಮ ಊರುಗಳಿಗೆ ಬಂತು. ದೇವ ಎಂಬ ಪದ ಗುಡಿಯೊಳಗೆ ಹೋಗಿ ದೇವರಾಗಿ ಕೂತರೆ, ದೇವನಿಂದಲೇ ಹುಟ್ಟಿದ ದೈವ ಊರಾಚೆಯ ಹುಣಸೆಮರ ಹತ್ತಿತು. ಒಂದೇ ಮನೆಯವು ಎರಡೂ. ಇನ್ನೂ ಒಂದು ಮೆಟ್ಟಿಲು ಇಳಿದರೆ ಎದೆ ಝಲ್ಲೆನ್ನುತ್ತದೆ. ದೇವ ಎಂಬುದರ ಬೇರಿನಲ್ಲಿರುವುದು ಹೊಳೆಯುವ ಆಕಾಶ. ದಿವಸ, ದಿವಾಕರ, ದಿವ್ಯ ಎಲ್ಲ ಅದೇ ಬೇರಿನ ಚಿಗುರುಗಳು. ಅಂದರೆ ಕತ್ತಲಲ್ಲಿ ಮಾತ್ರ ಬರುತ್ತದೆ, ಬೆಳಕು ಕಂಡರೆ ಓಡುತ್ತದೆ ಎಂದು ನಾವು ನಂಬಿರುವ ಆ ದೆವ್ವದ ಹೆಸರಿನ ತಳದಲ್ಲಿ ಹಗಲಿದೆ! ಒಂಬತ್ತು ಕಂತುಗಳ ತುಂಬ ದೆವ್ವ ದೆವ್ವ ಎಂದು ಬರೆದಿದ್ದೇನೆ. ಪ್ರತಿ ಸಲವೂ ನನಗೇ ಗೊತ್ತಿಲ್ಲದಂತೆ ಒಂದು ಹಣತೆ ಹಚ್ಚಿಟ್ಟಿದ್ದೆ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಪ್ರಾಚೀನ ಇರಾನಿನ ಅವೆಸ್ತಾ ಗ್ರಂಥದಲ್ಲಿ 'ದಏವ' ಎಂದರೆ ದುಷ್ಟಶಕ್ತಿ, 'ಅಹುರ' ಎಂದರೆ ಪೂಜ್ಯ. ನಮ್ಮಲ್ಲಿ ದೇವ ಪೂಜ್ಯ, ಅಸುರ ದುಷ್ಟ. ಪದಗಳು ಅವೇ, ಪಾತ್ರಗಳು ತಿರುಗುಮುರುಗು! ಫಾರಸಿಯಲ್ಲಿ ಇವತ್ತಿಗೂ 'ದೀವ್' ಎಂದರೆ ರಾಕ್ಷಸ. ಇದನ್ನು ಮುಂದಿನ ಕಂತಿನ ಕೆಳಗೆ ಪುಟ್ಟ ಟಿಪ್ಪಣಿಯಾಗಿ ಹಾಕಿದೆ ನೋಡಿ, ಪತ್ರಗಳು ಸುರಿಯತೊಡಗಿದವು. ಹಾಸನದ ಕಾಲೇಜು ಹುಡುಗನೊಬ್ಬ ಇಂಗ್ಲಿಷಿನ 'ಡೆವಿಲ್' ಕೂಡ ದೇವದಿಂದಲೇ ಬಂದಿರಬೇಕು ಎಂದು ಉತ್ಸಾಹದಿಂದ ಬರೆದ. ಸದ್ದು ಒಂದೇ, ನೆಂಟಸ್ತನ ಇಲ್ಲ. ಡೆವಿಲ್ ಹುಟ್ಟಿದ್ದು 'ಚಾಡಿಕೋರ' ಎಂಬ ಅರ್ಥದ ಗ್ರೀಕ್ ಪದದಿಂದ. ಆದರೆ ಆ ಹುಡುಗನಿಗೆ ನಾನು ಮನಸಾರೆ ಶಾಭಾಸ್ ಎಂದೆ. ಪದದ ಹಿಂದೆ ಹೊರಟವನು ಮೊದಲು ಎಡವುವುದೇ ಸದ್ದಿನ ಕಲ್ಲಿಗೆ.

ಮಂಗಳೂರಿನ ಕಡೆಯಿಂದ ಬಂದ ಫೋನು ಮಾತ್ರ ಟಿಪ್ಪಣಿಯ ಬಗ್ಗೆ ಅಲ್ಲ, ಕಥೆಯ ಬಗ್ಗೆಯೇ.

"ನೀವು ಭೂತವನ್ನು ಅಟ್ಟದ ಮೇಲೆ ಕಳ್ಳನ ಹಾಗೆ ಓಡಾಡಿಸಿದ್ದು ಸರಿಯಾಗ್ಲಿಲ್ಲ ಮಾರಾಯ್ರೆ," ಎಂದರು ಆ ಹಿರಿಯರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ನಮ್ಮಲ್ಲಿ ಭೂತಕ್ಕೆ ಸ್ಥಾನ ಉಂಟು, ಕೋಲ ಉಂಟು, ನೇಮ ಉಂಟು. ಪಂಜುರ್ಲಿಯ ಎದುರು ನಿಂತು ಊರಿನವರು ತಮ್ಮ ವ್ಯಾಜ್ಯ ಹೇಳಿಕೊಳ್ತಾರೆ. ಭೂತ ಅಂದ್ರೂ ದೈವ ಅಂದ್ರೂ ನಮಗೆ ಒಂದೇ."

ನಾನು ಎದ್ದು ನಿಂತುಬಿಟ್ಟೆ. ದೆವ್ವಕ್ಕೂ ದೈವಕ್ಕೂ ಇರುವ ನೆಂಟಸ್ತನವನ್ನು ನಾನು ಪುಸ್ತಕದಲ್ಲಿ ಹುಡುಕಿ ಪಡೆದೆ. ತುಳುನಾಡು ಅದನ್ನು ಎಂದೂ ಕಳೆದುಕೊಂಡೇ ಇರಲಿಲ್ಲ! ಘಟ್ಟದ ಮೇಲೆ ಹೆದರಿಕೆಯಾದದ್ದು ಘಟ್ಟದ ಕೆಳಗೆ ನ್ಯಾಯ ಹೇಳುತ್ತ ನಿಂತಿದೆ. ಮುಂದಿನ ಕಂತಿನಿಂದ ನನ್ನ ಅಜ್ಜಿಯ ಬಾಯಿಂದ ಭೂತ ಎಂಬ ಪದವನ್ನು ತೆಗೆದೆ.

ತೆಗೆದೆ ನಿಜ, ಆದರೆ ಪದ ನನ್ನನ್ನು ಬಿಡಲಿಲ್ಲ. ಸಂಸ್ಕೃತದ 'ಭೂ' ಎಂದರೆ ಇರು, ಆಗು. ಭೂತ ಎಂದರೆ ಇದ್ದದ್ದು, ಆದದ್ದು. ಅಷ್ಟೇ! ಕೋರೆಹಲ್ಲಿಲ್ಲ, ಹಿಂದುಮುಂದಾದ ಪಾದವಿಲ್ಲ. ಇದ್ದದ್ದು. ಅದಕ್ಕೇ ಪಂಚಭೂತ, ಅದಕ್ಕೇ ಭೂತದಯೆ, ಅದಕ್ಕೇ ಶಾಲೆಯ ವ್ಯಾಕರಣದ ಭೂತಕಾಲ. ಮೇಷ್ಟ್ರು ಕರಿಹಲಗೆಯ ಮೇಲೆ ಭೂತಕಾಲ ಎಂದು ಬರೆದಾಗ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗುತ್ತಿದ್ದ ಮಕ್ಕಳಿಗೆ ಎಂಥ ದೊಡ್ಡ ಗುಟ್ಟು ಕೈಗೆ ಬಂದಿತ್ತು! ಮುಗಿದುಹೋದ ಕಾಲಕ್ಕೂ ಹೋಗಲೊಲ್ಲದ ಜೀವಕ್ಕೂ ಒಂದೇ ಹೆಸರು.

ನಿಲ್ಲಿ, ಇನ್ನೂ ಇದೆ. ಇಂಗ್ಲಿಷಿನ 'ಬಿ' ಎಂಬ ಪುಟ್ಟ ಕ್ರಿಯಾಪದವೂ ಇದೇ 'ಭೂ'ವಿನ ದಾಯಾದಿ. ಗ್ರೀಕರ 'ಫುಸಿಸ್' ಕೂಡ. ಫುಸಿಸ್ ಎಂದರೆ ಪ್ರಕೃತಿ, ಅದರಿಂದ ಫಿಸಿಕ್ಸ್. ಅದನ್ನು ನಾವು ಕನ್ನಡದಲ್ಲಿ ಏನೆಂದು ಕರೆಯುತ್ತೇವೆ? ಭೌತಶಾಸ್ತ್ರ! ಭೂತದಿಂದ ಭೌತ. ಸಾವಿರಾರು ವರ್ಷಗಳ ಹಿಂದೆ ಬೇರೆಯಾಗಿ, ಒಂದು ಗ್ರೀಸಿನ ದಾರಿ ಹಿಡಿದು, ಇನ್ನೊಂದು ಸಂಸ್ಕೃತದ ದಾರಿ ಹಿಡಿದು ಹೋದ ಎರಡು ಪದಗಳು ನಮ್ಮ ಹೈಸ್ಕೂಲು ಪುಸ್ತಕದ ರಟ್ಟಿನ ಮೇಲೆ ಮತ್ತೆ ಮುಖಾಮುಖಿಯಾಗಿವೆ. ಇದನ್ನು ಓದಿದ ರಾತ್ರಿ ಮನೆಯವರನ್ನೆಲ್ಲ ಎಬ್ಬಿಸಿ ಹೇಳಿದೆ.

ಪ್ರೇತದ್ದು ಚಿಕ್ಕ ಕಥೆ, ಆದರೆ ಕರುಳು ಹಿಂಡುವಂಥದ್ದು. ಪ್ರ ಎಂದರೆ ಮುಂದೆ, ಇತ ಎಂದರೆ ಹೋದ. ಪ್ರೇತ, ಮುಂದೆ ಹೊರಟುಹೋದವರು. ಸತ್ತವರ ಬಗ್ಗೆ ಮಾತಾಡುವಾಗ ನಾವು ಇವತ್ತಿಗೂ "ಹೋಗಿಬಿಟ್ಟರು" ಎಂದೇ ಅನ್ನುತ್ತೇವಲ್ಲ, ಅದೇ ಮೆಲುದನಿ. ಹನ್ನೆರಡನೆಯ ದಿನದ ಸಪಿಂಡೀಕರಣದವರೆಗೆ ಮಾತ್ರ ಆ ಹೆಸರು, ಆಮೇಲೆ ಅವರು ಪಿತೃಗಳು. ಅಂದರೆ ಅದು ಪ್ರಯಾಣದ ನಡುವಿನ ಹೆಸರು. ಬೌದ್ಧರೊಂದಿಗೆ ಈ ಪ್ರೇತದ ಕಲ್ಪನೆ ಚೀನಾಕ್ಕೆ ಹೋಯಿತು, ಜಪಾನಿಗೆ ಹೋಯಿತು, ಅಲ್ಲಿ ತೀರದ ಹಸಿವಿನ 'ಗಾಕಿ'ಯಾಯಿತು.

ಈಗ ಮೇಷ್ಟ್ರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ದೈವದಿಂದ ಬಂದದ್ದು, ಇದ್ದದ್ದು, ಹೋದದ್ದು. ಮೂರು ಹೆಸರಲ್ಲಿ ಒಂದರಲ್ಲೂ ಭಯವಿಲ್ಲ! ಭಯವನ್ನು ಆಮೇಲೆ ನಾವು ತುಂಬಿದೆವು. ಹಾಗೆಂದು ಅವರಿಗೆ ಬರೆದೆ. ಒಂದೇ ವಾರದಲ್ಲಿ ಮರುಟಪಾಲು: "ಇವೆಲ್ಲ ಹೊರಗಿಂದ ಬಂದವಾಯಿತು ತಾಯೀ. ಅಚ್ಚಗನ್ನಡದವಳಾದ ನಿಮ್ಮ ಅಜ್ಜಿ, ಅವಳ ಅಜ್ಜಿ, ಅದಕ್ಕೆ ಏನನ್ನುತ್ತಿದ್ದರು?"

ಆ ಪ್ರಶ್ನೆ ನನ್ನನ್ನು ಪಂಪ ರನ್ನರ ಕಾಲಕ್ಕೆ ಒಯ್ದಿತು. ಹಳಗನ್ನಡದಲ್ಲಿ ಅದರ ಹೆಸರು ಮರುಳ್! ಹತ್ತನೆಯ ಶತಮಾನದ ರನ್ನನ 'ಗದಾಯುದ್ಧ'ದಲ್ಲಿ, ಹೆಣಗಳ ರಾಶಿಯ ನಡುವೆ ಸಂಜಯನೊಡನೆ ದಾರಿ ಮಾಡಿಕೊಂಡು ಹೋಗುವ ದುರ್ಯೋಧನನಿಗೆ ಮರುಳುಗಳು ಎದುರಾಗುತ್ತವೆ. ಮರುಳ್ ಎಂದರೆ ಪಿಶಾಚಿಯೂ ಹೌದು, ಬುದ್ಧಿ ಕೆಟ್ಟವನೂ ಹೌದು. ಆ ಎರಡು ಅರ್ಥಗಳ ನಡುವೆ ರನ್ನ ರಾಜನನ್ನು ನಿಲ್ಲಿಸುತ್ತಾನೆ: ಮರುಳು ನಾನೋ, ನೀನೋ ಎಂಬ ಚುಚ್ಚು ಮಾತಿನ ಎದುರು ಕುರುಕುಲದ ದೊರೆ. ಆ ಪದ ಈಗ ಎಲ್ಲಿದೆ? "ಅವಳ ನಗುವಿಗೆ ಮರುಳಾದ" ಎಂಬಲ್ಲಿದೆ. "ಜನ ಮರುಳೋ ಜಾತ್ರೆ ಮರುಳೋ" ಎಂಬ ಗಾದೆಯಲ್ಲಿದೆ. ಪಿಶಾಚಿ ಎಂಬ ಅರ್ಥ ಕಳಚಿ ಬಿತ್ತು, ಮೋಹ ಉಳಿಯಿತು. ಪ್ರೀತಿಯಲ್ಲಿ ಬಿದ್ದವರನ್ನು ಮರುಳಾದರು ಎನ್ನುವಾಗೆಲ್ಲ, ಅವರನ್ನು ಏನೋ ಹಿಡಿದುಕೊಂಡಿದೆ ಎಂಬ ಸಾವಿರ ವರ್ಷ ಹಿಂದಿನ ಮಾತು ನಮ್ಮ ನಾಲಗೆಯ ಮೇಲೆ ಮತ್ತೆ ಎದ್ದು ಬರುತ್ತದೆ.

ಧಾರವಾಡದ ಓದುಗರೊಬ್ಬರು ಇದನ್ನೆಲ್ಲ ಓದಿ ಫೋನು ಮಾಡಿದರು. "ಅಲ್ರೀ ಅಕ್ಕಾರ, ನಮ್ಮ ಕಡೆ ಅದನ್ನ ಹೆಸರ ಹಿಡದ ಕರಿಯೂದ ಇಲ್ಲ. ಗಾಳಿ ಬಡದೈತಿ ಅಂತಾರ, ಮುಗೀತು." ಗಾಳಿ! ಲ್ಯಾಟಿನ್ನಿನಲ್ಲಿ ಉಸಿರಾಡುವುದಕ್ಕೆ ಇರುವ ಪದದಿಂದಲೇ 'ಸ್ಪಿರಿಟ್' ಹುಟ್ಟಿತು. ಕಣ್ಣಿಗೆ ಕಾಣದೆ ಮೈಗೆ ತಾಗುವುದು ಇನ್ನೇನಿದೆ? ಹೆಸರು ಹೇಳಿದರೆ ಬಂದೀತು ಎಂದು ಹೆದರಿ ಬರಿ ಗಾಳಿ ಎಂದು ಕರೆದ ಧಾರವಾಡದ ಮುದುಕಿಗೂ ರೋಮಿನ ಪುರೋಹಿತನಿಗೂ ಒಂದೇ ಉಪಮೆ ಹೊಳೆದಿತ್ತು.

ಅವರೇ ಮಾಟದ ಬಗ್ಗೆಯೂ ಕೇಳಿದರು, ಅಲ್ಲಿ ನನಗೆ ನಿಧಿಯೇ ಸಿಕ್ಕಿತು. ಆಡು, ಆಟ. ಓಡು, ಓಟ. ನೋಡು, ನೋಟ. ಕಾಡು, ಕಾಟ. ಮಾಡು, ಮಾಟ! ಮಾಟ ಎಂದರೆ ಮಾಡಿದ್ದು, ಅಷ್ಟೇ. "ಯಾರೋ ಮಾಡಿಸಿದ್ದಾರೆ" ಎಂದು ದನಿ ತಗ್ಗಿಸಿ ಹೇಳುತ್ತೇವಲ್ಲ, ಏನನ್ನು ಎಂದು ಯಾರೂ ಕೇಳುವುದಿಲ್ಲ. ಅದೇ ಮಾಟ ಚೆಲುವಿನ ಪದವೂ ಹೌದು, ಮಾಟವಾದ ಮೂಗು, ಮಾಟವಾದ ಮೈಕಟ್ಟು. ಸಂಸ್ಕೃತದಲ್ಲಿ ಮಾಡು ಎಂಬರ್ಥದ 'ಕೃ' ಧಾತುವಿನಿಂದ ಕೃತ್ಯೆ ಹುಟ್ಟಿತು, ಅದೂ ಮಾಟದ ಶಕ್ತಿಯೇ. ಲ್ಯಾಟಿನ್ನಿನ ಮಾಡು ಎಂಬ ಪದದಿಂದ ಪೋರ್ಚುಗೀಸರ 'ಫೈತಿಸು' ಹುಟ್ಟಿತು, ಅದೂ ಮಾಟವೇ, ಇಂಗ್ಲಿಷಿನ 'ಫೆಟಿಶ್' ಅದರ ಮಗಳು. ಕನ್ನಡ, ಸಂಸ್ಕೃತ, ಪೋರ್ಚುಗೀಸ್. ಮೂರೂ ಕಡೆ ಮನುಷ್ಯ ಅದರ ನಿಜವಾದ ಹೆಸರು ಹೇಳಲಾರದೆ "ಮಾಡಿದ್ದು" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಿದ್ದಾನೆ!

ಓದುಗರು ಕೇಳುವುದು, ಬರೆಯುವವರು ಹುಡುಕುವುದು ಕನ್ನಡಕ್ಕೆ ಹೊಸದಲ್ಲ. 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಜಿ. ವೆಂಕಟಸುಬ್ಬಯ್ಯನವರು ವರ್ಷಗಟ್ಟಲೆ ಓದುಗರ ಪದಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಪಾವೆಂ ಆಚಾರ್ಯರ 'ಪದಾರ್ಥ ಚಿಂತಾಮಣಿ' ಕೈಗೆ ಬಂದರೆ ಇವತ್ತಿಗೂ ಅನ್ನ ಆರುವುದು ಗೊತ್ತಾಗುವುದಿಲ್ಲ. ಆದರೆ ಕಥೆ ಹೇಳುವವರಿಗೂ ಕೇಳುವವರಿಗೂ ನಡುವಿನ ಈ ಮಾತುಕತೆ ಅದಕ್ಕೂ ಎಷ್ಟು ಹಿಂದಿನದು ಎಂದು ಕಂಡಾಗ ನನಗೆ ಮೈ ನವಿರೆದ್ದಿತು. ಬೇತಾಳನನ್ನು ನೆನಪಿಸಿಕೊಳ್ಳಿ. ರಾಜನ ಹೆಗಲ ಮೇಲೆ ಕೂತು ಕಥೆ ಹೇಳುತ್ತಾನೆ, ಕೊನೆಗೆ ಪ್ರಶ್ನೆ ಕೇಳುತ್ತಾನೆ. ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ, ಬಾಯಿ ಬಿಟ್ಟರೆ ಬೇತಾಳ ಮರಕ್ಕೆ ಹಾರುತ್ತಾನೆ. ಕೇಳುವವನು ಉತ್ತರ ಕೊಟ್ಟದ್ದರಿಂದಲೇ ಮುಂದಿನ ಕಂತು! ಚಂದಮಾಮದಲ್ಲಿ ಶಂಕರ್ ಬರೆದ ಆ ಚಿತ್ರ, ಕತ್ತಿ ಹಿಡಿದು ಹೆಣ ಹೊತ್ತು ನಡೆಯುವ ರಾಜ, ಎಷ್ಟು ಮನೆಗಳ ಮಕ್ಕಳ ಕಣ್ಣಲ್ಲಿ ಅಚ್ಚಾಗಿ ಕೂತಿಲ್ಲ!

ಬೇತಾಳನ ಆ ಕಥೆಗಳನ್ನು ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವ ತನ್ನ 'ಕಥಾಸರಿತ್ಸಾಗರ'ದಲ್ಲಿ ಪೋಣಿಸಿದ. ಆ ಸಾಗರದ ಮೂಲ ಗುಣಾಢ್ಯನ 'ಬೃಹತ್ಕಥೆ', ಅದರ ಭಾಷೆ ಪೈಶಾಚಿ. ಪಿಶಾಚಿಗಳ ನುಡಿ! ಏಳು ಲಕ್ಷ ಶ್ಲೋಕಗಳನ್ನು ಗುಣಾಢ್ಯ ತನ್ನ ರಕ್ತದಲ್ಲೇ ಬರೆದನಂತೆ. ಸಾತವಾಹನ ದೊರೆ ಅದನ್ನು ತಳ್ಳಿಹಾಕಿದಾಗ ಕಾಡಿನಲ್ಲಿ ಬೆಂಕಿ ಹಾಕಿ ಕೂತು, ಒಂದೊಂದೇ ಓಲೆಯನ್ನು ಮೃಗಪಕ್ಷಿಗಳಿಗೆ ಓದಿ ಹೇಳಿ ಬೆಂಕಿಗೆ ಹಾಕುತ್ತ ಹೋದ. ಮೃಗಗಳು ಮೇಯುವುದನ್ನು ಮರೆತು ಕಣ್ಣೀರಿಡುತ್ತ ಕೇಳಿದವು. ಅವು ಬಡಕಲಾಗಿ ಅರಮನೆಯ ಅಡುಗೆಮನೆಗೆ ಒಣ ಮಾಂಸ ಬರತೊಡಗಿದಾಗ ಸುದ್ದಿ ರಾಜನಿಗೆ ಮುಟ್ಟಿತು. ಅವನು ಓಡಿ ಬರುವಷ್ಟರಲ್ಲಿ ಉಳಿದದ್ದು ಒಂದು ಲಕ್ಷ. ಕಥೆಯನ್ನು ಉಳಿಸಿದ್ದು ಕೇಳುಗರ ಹಸಿವು! ಇನ್ನೊಂದು ಮಾತು: ಈ 'ವಡ್ಡಕಥೆ'ಯನ್ನು ನಮ್ಮ ಗಂಗದೊರೆ ದುರ್ವಿನೀತ ಸಂಸ್ಕೃತಕ್ಕೆ ತಂದನೆಂದು ತಾಮ್ರಶಾಸನ ಹೇಳುತ್ತದೆ. ದೇವಭಾಷೆಗೆ ಪಿಶಾಚಿಗಳ ಕಥೆ, ಅದೂ ಕನ್ನಡನಾಡಿನ ಕೈಯಿಂದ.

ಧಾರಾವಾಹಿಯ ಕೊನೆಯ ಕಂತಿಗೆ ಎರಡು ವಾರ ಇರುವಾಗ ಬೆಂಗಳೂರಿನ ಹೆಣ್ಣುಮಗಳೊಬ್ಬಳು ಬರೆದ ಪತ್ರ ಬಂತು. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲ ಊರುಗಳಲ್ಲೂ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಆ ಕಾಲದ ಮಾತು. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕೂಗುತ್ತದೆ, ಬಾಗಿಲ ಮೇಲಿನ ಬರಹ ಓದಿ ಹಿಂದಿರುಗುತ್ತದೆ, ಮಾರನೆಯ ದಿನ ಮತ್ತೆ ಬಂದು ಮತ್ತೆ ಅದನ್ನೇ ಓದುತ್ತದೆ. ಪತ್ರ ಓದುತ್ತಿದ್ದಂತೆ ನನ್ನ ಕೈ ನಡುಗಿತು. ಭೂತವನ್ನು ತಡೆದದ್ದು ಭವಿಷ್ಯತ್ತು! ಇದ್ದದ್ದು ಬಂದು ಬಾಗಿಲು ತಟ್ಟಿದರೆ, ಇನ್ನೂ ಆಗದ 'ನಾಳೆ' ಅದಕ್ಕೆ ಅಡ್ಡ ನಿಂತಿತು. ಯಾವ ವೈಯಾಕರಣಿಯೂ ಹೇಳಿಕೊಡದೆ ನಮ್ಮ ತಾಯಂದಿರು ಎರಡು ಕಾಲಗಳನ್ನು ಹೊಸ್ತಿಲ ಆಚೆಗೂ ಈಚೆಗೂ ನಿಲ್ಲಿಸಿದ್ದರು. ಮೇಲಾಗಿ ಆ ದೆವ್ವ ಕನ್ನಡ ಓದಬಲ್ಲದು ಎಂದು ಗಟ್ಟಿಯಾಗಿ ನಂಬಿದ್ದರು.

ಆಕೆಗೆ ಆಗ ಎಂಟು ವರ್ಷ. ಅಮ್ಮ ಸೀಮೆಸುಣ್ಣದಲ್ಲಿ ಬರೆದದ್ದನ್ನು ಆಟದ ಭರದಲ್ಲಿ ಬೆನ್ನು ಉಜ್ಜಿ ಅಳಿಸಿಬಿಟ್ಟಿದ್ದಳಂತೆ. 'ನಾಳೆ' ಉಳಿದಿತ್ತು, 'ಬಾ' ಹೋಗಿತ್ತು. ಹೇಳಲು ಹೆದರಿ ರಾತ್ರಿಯಿಡೀ ಚಾದರದೊಳಗೆ ಎಚ್ಚರವಾಗಿದ್ದು, ಓದುವವರಿಗೆ ಬರಿ ನಾಳೆ ಎಂದರೆ ಏನು ಅರ್ಥವಾದೀತು ಎಂದು ಯೋಚಿಸುತ್ತ ಬೆಳಗು ಮಾಡಿದಳು. ಸಂಜೆ ಶಾಲೆಯಿಂದ ಬಂದಾಗ ಅಮ್ಮ ಎರಡೂ ಪದಗಳನ್ನು ಹೊಸದಾಗಿ ಬರೆದಿದ್ದರು. ಅಕ್ಷರಗಳು ಮೊದಲಿಗಿಂತ ದೊಡ್ಡದಾಗಿದ್ದವು, ಮತ್ತು ಸ್ವಲ್ಪ ಮೇಲಕ್ಕಿದ್ದವು, ಮಕ್ಕಳ ಬೆನ್ನು ತಾಗದ ಎತ್ತರಕ್ಕೆ.