ವಿಷಯ ಸಿಕ್ಕಿತು, ತಿರುಳು ಸಿಕ್ಕಿತೇ?

ಮಳವಳ್ಳಿ ಸೀಮೆಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನಾನು, ಒಂಬತ್ತನೇ ತರಗತಿಗೆ ಗದ್ಯ ಗ್ರಹಿಕೆಯ ಪಾಠ ಬಂದಾಗ ಈ ನಾಲ್ಕೈದು ಸಾಲುಗಳನ್ನು ಬರೆದು ಹಲಗೆಯ ಮೇಲೆ ಹಾಕುತ್ತೇನೆ:

‘ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಧುಮುಕುತ್ತಾಳೆ. 1902ರಲ್ಲಿ ಇಲ್ಲಿ ವಿದ್ಯುತ್ ತಯಾರಾಗತೊಡಗಿತು. ಅದು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯೇ ಗತಿಯಾಗಿತ್ತು.’

‘ಇದರ ತಿರುಳು ಏನ್ರಪ್ಪಾ?’ ಎಂದರೆ ‘ಶಿವನಸಮುದ್ರ, ಮಿಸ್’, ‘ಕರೆಂಟು, ಮಿಸ್’ ಎಂದು ಕೈಗಳು ಏಳುತ್ತವೆ. ಅವೆರಡೂ ವಿಷಯದ ಹೆಸರುಗಳು. ಕರೆಂಟಿನ ಬಗ್ಗೆ ಈ ಗದ್ಯ ಏನು ಹೇಳುತ್ತಿದೆ ಎಂದು ಮತ್ತೆ ಕೇಳಬೇಕು. ಆಗ ಯಾರಾದರೂ ತಡವರಿಸುತ್ತಾ ಪೂರ್ತಿ ವಾಕ್ಯ ಕಟ್ಟುತ್ತಾರೆ: ‘ಇಲ್ಲಿ ಹುಟ್ಟಿದ ಕರೆಂಟು ಮೊದಲು ಗಣಿಗೆ ಹೋಯ್ತು, ನಮ್ಮೂರಿಗೆ ಕೊನೆಗೆ ಬಂತು.’ ಇದೇ ತಿರುಳು. ಗಮನಿಸಿ, ಈ ಮಾತು ಗದ್ಯದ ಯಾವ ಸಾಲಿನಲ್ಲೂ ಇಡಿಯಾಗಿ ಇಲ್ಲ. ಮೊದಲ ವಾಕ್ಯದಲ್ಲೇ ತಿರುಳಿರುತ್ತದೆ ಎಂದು ಬಾಯಿಪಾಠ ಮಾಡಿಸಿಕೊಂಡ ಮಕ್ಕಳು ಇಂಥಲ್ಲೇ ಎಡವುತ್ತಾರೆ.

ತಿರುಳು ಸಿಕ್ಕ ಮೇಲೆ ಒಂದೊಂದು ಸಾಲನ್ನೂ ಅದರ ಎದುರು ನಿಲ್ಲಿಸಿ, ‘ನೀನು ಇದಕ್ಕೆ ಸಾಕ್ಷಿ ಹೇಳುತ್ತೀಯಾ?’ ಎಂದು ವಿಚಾರಿಸಬೇಕು. 1902, ಗಣಿ, 1905, ಬುಡ್ಡಿ ದೀಪ ಎಲ್ಲವೂ ಹೌದೆನ್ನುತ್ತವೆ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದನ್ನು ತೋರಿಸುವ ಪೂರಕ ವಿವರಗಳು ಅವೇ. ಕಾವೇರಿ ಧುಮುಕುವ ಸಾಲು ಮಾತ್ರ ಸುಮ್ಮನಿರುತ್ತದೆ. ಜಲಪಾತವನ್ನು ಕಣ್ಣಾರೆ ಕಂಡ ನಮ್ಮ ಮಕ್ಕಳಿಗೆ ಆ ಸಾಲೇ ಅಚ್ಚುಮೆಚ್ಚು. ಅದನ್ನು ತೆಗೆದರೂ ಮಾತು ಕೆಡುವುದಿಲ್ಲ ಎಂದು ಒಪ್ಪಿಸಲು ಒಂದು ಪೀರಿಯಡ್ಡೇ ಬೇಕಾಗುತ್ತದೆ. ಬುಡ್ಡಿಯ ಸಾಲನ್ನು ಅಳಿಸಿ ನೋಡಿ: ನಮ್ಮೂರ ಕಥೆ ಕಣ್ಮರೆಯಾಗಿ, ತಿರುಳೇ ಬದಲಾಗುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ಗ್ರಂಥವೊಂದರ ತಾತ್ಪರ್ಯ ನಿರ್ಣಯಕ್ಕೆ ನಮ್ಮ ಮೀಮಾಂಸಕರು, ವೇದಾಂತಿಗಳು ಆರು ಗುರುತುಗಳನ್ನು ಹೇಳಿದ್ದಾರೆ. ಆರಂಭ ಮತ್ತು ಮುಕ್ತಾಯ ಎಲ್ಲಿ ಕೂಡುತ್ತವೆ, ಯಾವ ಮಾತು ಮತ್ತೆ ಮತ್ತೆ ಬರುತ್ತದೆ, ಹೊಸದಾಗಿ ಹೇಳಿದ್ದೇನು, ಫಲವೇನು, ಯಾವುದು ಬರೀ ಹೊಗಳಿಕೆ, ಯಾವುದು ಯುಕ್ತಿ ಎಂದು ನೋಡಬೇಕೆನ್ನುತ್ತಾರೆ. ಹೊಗಳಿಕೆಗೆ ‘ಅರ್ಥವಾದ’, ಯುಕ್ತಿಗೆ ‘ಉಪಪತ್ತಿ’ ಎಂದು ಬೇರೆ ಬೇರೆ ಹೆಸರಿಟ್ಟ ಅವರ ಸೂಕ್ಷ್ಮತೆಗೆ ನಾನು ತಲೆಬಾಗುತ್ತೇನೆ.

ಪ್ರಶ್ನೆಪತ್ರಿಕೆಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ‘ಯಾವ ವರ್ಷ?’, ‘ಎಷ್ಟು ದೂರ?’ ಎಂಬಂಥ ಪ್ರಶ್ನೆಗಳನ್ನೇ. ಗದ್ಯ ಅರ್ಥವಾಗದ ಮಗುವೂ ಬೆರಳಿಟ್ಟು ಹುಡುಕಿ ಉತ್ತರ ಬರೆದು ಅಂಕ ಪಡೆಯುತ್ತದೆ. ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟ್ರುಗಳೇ, ಪ್ರತಿ ಗದ್ಯಕ್ಕೂ ‘ಇದರ ತಿರುಳನ್ನು ನಿಮ್ಮದೇ ಒಂದು ವಾಕ್ಯದಲ್ಲಿ ಬರೆಯಿರಿ’ ಎಂಬ ಪ್ರಶ್ನೆಯನ್ನೂ ದಯವಿಟ್ಟು ಸೇರಿಸಿ. ಅದಕ್ಕೇ ಹೆಚ್ಚು ಅಂಕ ಇಡಿ.